ಸಿಪ್ಪೆ ಹೊತ್ತ ಹದಿನಾಲ್ಕು ಮೊಳಕೆ

ಅಪ್ಪನಿಗೆ,

ಮನೆಯಲ್ಲಿ ಎದುರು ಕೂತು ಕೇಳಿದರೆ ಮಾತು ಹಾರಿಸುತ್ತೀರಿ. ಅದಕ್ಕೇ ಲ್ಯಾಬಿನಿಂದ ಬರೆಯುತ್ತಿದ್ದೇನೆ.

ನನ್ನ ಹೊಸ ಕಾಫಿ ತಳಿಯ ಮೊಳಕೆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬೀಜವೂ ಮೊಳೆತಿದೆ. ಎಲ್ಲರೂ ಕೈಕುಲುಕಿದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. "ನೂರರಲ್ಲಿ ಹತ್ತಾದರೂ ಕೈಕೊಡ್ತವೆ ಕಣೇ" ಅನ್ನುತ್ತಿದ್ದವರು ನೀವೇ.

ಎಲ್ಲರೂ ಹೋದ ಮೇಲೆ ಬಗ್ಗಿ ನೋಡಿದೆ. ಬಿತ್ತುವ ಮೊದಲು ನೂರು ಬೀಜದ ಒಣ ಸಿಪ್ಪೆಯನ್ನೂ ನಾನೇ ಉಗುರಿನಲ್ಲಿ ಸುಲಿದಿದ್ದೆ. ಪರೀಕ್ಷೆಯ ನಿಯಮ ಅದು. ಈಗ ಹದಿನಾಲ್ಕು ಮೊಳಕೆಗಳ ತಲೆಯ ಮೇಲೆ ಸಿಪ್ಪೆ ಇದೆ. ಸಿಪ್ಪೆ ಸಮೇತ ಬಿತ್ತುವುದು ನರ್ಸರಿಯವರ ಪದ್ಧತಿ. ನೀವು ನಲವತ್ತು ವರ್ಷ ನರ್ಸರಿ ನೋಡಿಕೊಂಡವರು.

ಮೊಳಕೆ ಕೋಣೆಗೆ ಯಾರು ಯಾರು ಬಂದಿದ್ದರು ಎಂದು ವಾಚ್‌ಮನ್‌ನನ್ನು ಕೇಳಿದೆ. "ಬೇರೆ ಯಾರೂ ಬಂದಿಲ್ಲ ಮೇಡಂ, ನಿಮ್ಮಪ್ಪ ಮಾತ್ರ ದಿನಾ ಬಂದು ನೀರು ಹಾಕಿ ಹೋಗ್ತಾರೆ" ಅಂದ.

ವರದಿಯಲ್ಲಿ ಎಂಬತ್ತಾರು ಎಂದೇ ಬರೆದಿದ್ದೇನೆ. ಪಾಸಾಗಲು ಎಂಬತ್ತು ಸಾಕಿತ್ತು, ಅಪ್ಪ.

ನೀರು ಹಾಕಲೆಂದು ನಾನು ಕೊಟ್ಟಿದ್ದ ಮೊಳಕೆ ಕೋಣೆಯ ಬೀಗದ ಕೈಯನ್ನು ಅಮ್ಮನ ಹತ್ತಿರ ಕೊಟ್ಟುಬಿಡಿ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ.

ಇನ್ನೊಂದು ಮಾತು. ಹೋದ ವರ್ಷದ ನನ್ನ ತಳಿ ತೊಂಬತ್ತೆಂಟು ಮೊಳೆತಿತ್ತು. ಆಗಲೂ ನೀರು ಹಾಕಿದವರು ನೀವೇ. ಆಗ ನಾನು ಬಗ್ಗಿ ನೋಡಿರಲಿಲ್ಲ. ಆ ಬೀಜವನ್ನು ನಾನೂರು ತೋಟದವರು ನಂಬಿ ಒಯ್ದಿದ್ದಾರೆ. ಬೀಗದ ಕೈ ಜೊತೆ ಒಂದು ಚೀಟಿ ಇಡಿ: ಆ ತೊಂಬತ್ತೆಂಟರಲ್ಲಿ ನಾನು ಬಿತ್ತಿದ್ದು ಎಷ್ಟು, ನೀವು ನೆಟ್ಟಿದ್ದು ಎಷ್ಟು?

ನಿಮ್ಮ ಮಗಳು