ಎಂಟು ಸಾವಿರ ಅಡಿ

ಸೆಪ್ಟೆಂಬರ್ 4, ಬೆಳಿಗ್ಗೆ 6

ಬಾಯ್ಲರ್ ಹಚ್ಚಿಯಾಯಿತು. ಇಂದು ಕಂಬಳಿ ನಲವತ್ತೊಂದು, ಕೋಟು ಹದಿನೆಂಟು. ಎಲೆ ಹಳದಿಯಾಗುವುದೂ ಜನ ಅಟ್ಟದಿಂದ ಕಂಬಳಿ ಇಳಿಸುವುದೂ ಒಂದೇ ಕಾಲಕ್ಕೆ. ಲಾಂಡ್ರಿ ಇಟ್ಟ ಮೇಲೆ ಶರತ್ಕಾಲದಲ್ಲಿ ಈ ಮನೆಯವರು ಎಲ್ಲಿಗೂ ಹೋಗಿಲ್ಲ. ಮೂವತ್ತೆಂಟು ವರ್ಷ.

ಈ ಸಲ ಹೋಗುತ್ತೇವೆ. ಅಕ್ಟೋಬರ್ 12ರಿಂದ ಒಂಬತ್ತು ದಿನ ಲಾಂಡ್ರಿಗೆ ಬೀಗ. ನಾನೇ ಹೇಳಿದೆ. ಇವರು ಟೀ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

"ಜ್ವರಗಿರ ಬಂದಿದ್ಯೇನೇ ನಿಂಗೆ?"

ಸಂಜೆಯೊಳಗೆ ಉತ್ತರದ ಬೆಟ್ಟಗಳ ನಕ್ಷೆ ಗೋಡೆಗೆ ಬಂತು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವಾಗ ಆ ಬೆಟ್ಟದ ಊರುಗಳೆಲ್ಲ ಇವರ ಬೆರಳಿನಡಿ ಹಾದುಹೋಗಿವೆ. ಒಂದನ್ನೂ ಕಂಡಿಲ್ಲ.

ಸೆಪ್ಟೆಂಬರ್ 9

ಪಟ್ಟಿ ಮುಗಿಸಿದೆ. ಯಾರು ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾರ ಚೀಲದಲ್ಲಿ ಏನು. ಮೂರನೆಯ ದಿನ ಘಾಟಿ — ನೆತ್ತಿ ಹನ್ನೊಂದು ಸಾವಿರ ಅಡಿ. ಮೊಮ್ಮಗಳು ಓದಿ, "ಅಜ್ಜಿ, ಬೆಲ್ ಯಾರು ಹೊಡೀತಾರೆ?" ಎಂದಳು. ಸೊಸೆ ನಗು ನುಂಗಿದಳು. ಕಂಡೆ.

ಸೆಪ್ಟೆಂಬರ್ 17, ಮಧ್ಯಾಹ್ನ

ಒಂದು ತಪ್ಪಾಯಿತು.

ಇವರ ಉಣ್ಣೆ ಕೋಟು ಒಗೆಯಲು ತೆಗೆದೆ. ಒಳಜೇಬಿನಲ್ಲಿ ಚೀಟಿ, ಮಳೆಗೆ ನೆನೆದದ್ದು. ಬಾಯ್ಲರ್ ಪೈಪಿನ ಮೇಲೆ ಒಣಗಿಸಲು ಬಿಚ್ಚಿದೆ. ಹೃದಯದ ಡಾಕ್ಟರದು. *ಎಂಟು ಸಾವಿರ ಅಡಿಗಿಂತ ಎತ್ತರಕ್ಕೆ ಹೋಗಕೂಡದು. ಪ್ರಾಣಾಪಾಯ.* ಕೆಳಗೆ ಎರಡು ಗೆರೆ ಎಳೆದಿದೆ. ತಾರೀಖು ಆಗಸ್ಟಿನದು. ನನಗೆ ಒಂದು ಮಾತೂ ಹೇಳಿಲ್ಲ.

ಲಾಂಡ್ರಿಯಲ್ಲಿ ನನ್ನ ನಿಯಮ, ಜೇಬಿನಲ್ಲಿ ಸಿಕ್ಕ ಕಾಗದವನ್ನು ಓದುವುದಿಲ್ಲ. ಕವರಿಗೆ ಹಾಕಿ, ಟೋಕನ್ ನಂಬರು ಚುಚ್ಚಿ, ವಾಪಸು. ಈ ಊರಿನ ಅರ್ಧ ಜನರ ಗುಟ್ಟು ನನ್ನ ಕೈ ದಾಟಿ ಹೋಗಿದೆ, ಕಣ್ಣು ದಾಟಿಲ್ಲ. ಗಿರಾಕಿಯೊಬ್ಬರ ಕಾಗದ ಓದಿದಳೆಂದು ಕೌಂಟರಿನ ಹುಡುಗಿಯನ್ನು ಅದೇ ದಿನ ಮನೆಗೆ ಕಳಿಸಿದ್ದೆ. "ನಾನು ಓದ್ಲಿಲ್ಲ ಅಮ್ಮಾ, ಕಣ್ಣು ಬಿತ್ತು ಅಷ್ಟೇ" ಎಂದು ಅತ್ತಿದ್ದಳು. ಕಣ್ಣು ನಿನ್ನದಲ್ಲವೇನೆ, ಎಂದು ಕೇಳಿದ್ದೆ.

ಸಂಜೆ ಕವರಿನಲ್ಲಿಟ್ಟು ಕೊಟ್ಟೆ. ಇವರು ಕವರನ್ನು ತಿರುಗಿಸಿ ನೋಡಿದರು.

"ಓದಿದ್ಯಾ?"

"ನಾನು ಓದ್ತೀನಾ?"

"ಅದಕ್ಕೇ ನೋಡು ನಿನ್ನನ್ನ ನಂಬೋದು."

ಇನ್ನು ಆ ಚೀಟಿಯ ಮಾತೆತ್ತುವಂತಿಲ್ಲ.

ಸೆಪ್ಟೆಂಬರ್ 20

ದಾರಿ ಬದಲಾಯಿಸೋಣ, ಘಾಟಿ ಬೇಡ, ನದಿ ಪಕ್ಕದ ರಸ್ತೆ ಹಿಡಿಯೋಣ ಎಂದೆ. ಎಲ್ಲರೂ ನಕ್ಷೆಯ ಮುಂದೆ ನಿಂತಿದ್ದರು.

ಮಗ: "ಅಮ್ಮಾ, ಘಾಟಿ ಬಿಟ್ರೆ ಮದುವೆಗೆ ಹೋಗಿ ಊಟ ಮಾಡ್ದೆ ಬಂದ ಹಾಗೆ."

"ರಸ್ತೆ ಕೆಟ್ಟಿದೆಯಂತೆ."

"ಯಾರ್ ಹೇಳಿದ್ರು? ಮೊನ್ನೆ ತಾನೇ ಹೊಸದಾಗಿ ಹಾಕಿದ್ದಾರೆ."

"ಚಳಿ."

"ಅತ್ತೆ, ಮನೇಲಿ ಇರೋದೇ ಕಂಬಳಿ," ಎಂದಳು ಸೊಸೆ. ಆಮೇಲೆ ನನ್ನನ್ನೇ ನೋಡಿ, "ನಿಮಗೇನಾದ್ರೂ ಎತ್ತರ ಅಂದ್ರೆ ಭಯಾನಾ?"

ಬೇರೆ ದಾರಿ ಕಾಣಲಿಲ್ಲ. ಹೌದು ಎಂದುಬಿಟ್ಟೆ.

ಎಲ್ಲರೂ ಮನೆಯೇ ಹಾರಿಹೋಗುವ ಹಾಗೆ ನಕ್ಕರು. "ಅಜ್ಜಿಗೂ ಭಯ ಅನ್ನೋದಿದೆ!" ಎಂದು ಮೊಮ್ಮಗಳು ಕುಣಿದಳು. ಈ ಮನೆಯಲ್ಲಿ ನನ್ನ ಮೇಲೆ ಯಾರೂ ಹೀಗೆ ನಕ್ಕಿರಲಿಲ್ಲ. ನಗಲಿ. ಭಯ ಎಂದ ಮೇಲೆ ಬಿಡುತ್ತಾರೆ ಎಂದುಕೊಂಡೆ.

ಇವರು ಬಂದು ನನ್ನ ಕೈ ಹಿಡಿದರು, ಮಕ್ಕಳೆದುರೇ. "ಇಷ್ಟೇನಾ? ನಾನಿಲ್ವಾ. ದಿನಾ ಮಹಡಿ ಹತ್ತಿಸಿ ಅಭ್ಯಾಸ ಮಾಡಿಸ್ತೀನಿ."

ಸೆಪ್ಟೆಂಬರ್ 23

ಲಾಂಡ್ರಿ ಕಟ್ಟಡಕ್ಕೆ ನಾಲ್ಕು ಮಹಡಿ. ನಿನ್ನೆ ಒಂದು, ಇಂದು ಎರಡು. ನನಗೆ ಏನೂ ಇಲ್ಲ. ಹಿಂದಿನಿಂದ ಇವರ ಉಸಿರು ಕೇಳುತ್ತದೆ. ತಲೆ ತಿರುಗುತ್ತದೆ ಎಂದು ಮೆಟ್ಟಿಲ ಮೇಲೆ ಕೂತೆ, ಇವರೂ ಕೂರಲಿ ಎಂದು.

ಮನೆಯಲ್ಲೇ ಕೂಡಿಹಾಕೋಣವೆಂದರೆ ಇವರ ಕನಸು ಹೋಗುತ್ತದೆ. ಕರೆದುಕೊಂಡು ಹೋದರೆ ಇವರೇ...

ಬೇಡ. ಬರೆಯುವುದಿಲ್ಲ.

ಸೆಪ್ಟೆಂಬರ್ 26, ಬೆಳಿಗ್ಗೆ 11

ಮೂರನೆಯ ಮಹಡಿ. ಕಂಬಿ ಹಿಡಿದು ನಿಂತುಬಿಟ್ಟರು. ತುಟಿ ಬೂದಿ ಬಣ್ಣ. "ನಿನಗೋಸ್ಕರ ನಿಂತೆ ಕಣೇ... ಭಯ ಪಡ್ಬೇಡ," ಎಂದು ನನ್ನ ಬೆನ್ನು ತಟ್ಟಿದರು.

ಇನ್ನು ತಡೆಯಲಾಗಲಿಲ್ಲ.

"ನನಗೆ ಯಾವ ಭಯಾನೂ ಇಲ್ಲ ರೀ. ಆ ಚೀಟಿ ಓದಿದೆ."

ಕಂಬಿ ಬಿಟ್ಟು ಮೆಟ್ಟಿಲ ಮೇಲೆ ಕೂತರು. ಕೆಳಗೆ ಯಂತ್ರ ಕಂಬಳಿ ಹಿಂಡುವ ಸದ್ದು.

"ಓದಿಲ್ಲ ಅಂದಿದ್ದೆ."

"ಸುಳ್ಳು ಹೇಳಿದೆ."

"ಮೂವತ್ತೆಂಟು ವರ್ಷ ಕಂಬಳಿ ಅಡ್ಡ ಬಂತು. ಈಗ ಚೀಟಿ. ನನ್ನ ಜೀವ ಕಣೇ, ನಿನ್ನ ಲಾಂಡ್ರಿ ಬಟ್ಟೆ ಅಲ್ಲ, ನಂಬರ್ ಚುಚ್ಚಿ ಇಟ್ಕೊಳ್ಳೋಕೆ." ಎದ್ದರು. "ಮಕ್ಕಳಿಗೆ ಹೇಳಿದ್ರೆ ಇಷ್ಟೇ. ಆಮೇಲೆ ನಿನ್ನ ಹತ್ರ ಮಾತಿಲ್ಲ."

ಸೆಪ್ಟೆಂಬರ್ 27

ಕಂಬಳಿ ಅರವತ್ತು.

ಅಕ್ಟೋಬರ್ 11

ಚೀಲ ಕಟ್ಟಿಯಾಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಇಂದು ಊಟದ ಮೇಜಿನಲ್ಲಿ ಎಲ್ಲರೆದುರು ಹೇಳಿದೆ. ಚೀಟಿ, ನಾನು ಓದಿದ್ದು, ಸುಳ್ಳು, ಎಲ್ಲ. ಮಗ ತಟ್ಟೆ ಸರಿಸಿದ. "ಅಪ್ಪಾ, ಹೋಗೋದೇ ಬೇಡ." ಹೋಗುತ್ತೇವೆ, ಆದರೆ ನಾವಿಬ್ಬರೂ ಘಾಟಿಯ ಬುಡದಲ್ಲಿ ಇಳಿಯುತ್ತೇವೆ, ನೀವು ಹತ್ತಿ ಬನ್ನಿ ಎಂದೆ. ಯಾರೂ ಎದುರಾಡಲಿಲ್ಲ. ನಾನು ಖಡಾಖಂಡಿತ ಹೇಳಿದರೆ ಯಾರೂ ಎದುರಾಡುವುದಿಲ್ಲ. ಅದೇ ಇಂದು ಹಿತವಾಗಲಿಲ್ಲ.

ಇವರು ತಟ್ಟೆ ತಾವೇ ತೊಳೆದಿಟ್ಟು ಹೋದರು.

ಅಕ್ಟೋಬರ್ 14, ಬೆಳಿಗ್ಗೆ 8

ಘಾಟಿಯ ಬುಡದ ಲಾಡ್ಜ್. ಎರಡು ಮಂಚ, ಒಂದು ಕಿಟಕಿ. ಎರಡು ದಿನದ ದಾರಿಯಲ್ಲಿ ಇವರು ಮಗನ ಪಕ್ಕ ಮುಂದೆ ಕೂತರು, ನನ್ನ ಪಟ್ಟಿ ಮುರಿದು. ನನ್ನ ಕಡೆ ತಿರುಗಲಿಲ್ಲ. ಟೀ ಬೇಕಾದರೂ ಸೊಸೆಯನ್ನು ಕೇಳುತ್ತಾರೆ.

ಮಕ್ಕಳು ಏಳಕ್ಕೆ ಹೊರಟರು. ಮೊಮ್ಮಗಳು ಕಾರಿನ ಕಿಟಕಿಯಿಂದ ಕೈ ಬೀಸಿದಳು. ಇವರೂ ಬೀಸಿದರು, ಕಾರು ತಿರುವು ದಾಟಿದ ಮೇಲೂ ಕೈ ಇಳಿಸಲಿಲ್ಲ.

10 ಗಂಟೆ

ಕೂರಲಾಗುತ್ತಿಲ್ಲ. ಲಾಡ್ಜಿನ ಹೊದಿಕೆ ಮೂರು ಸಲ ಮಡಿಸಿದೆ. ಸರಿಯಾಗಿ ಒಗೆದಿಲ್ಲ, ಸೋಪು ಉಳಿದಿದೆ. ಇವರು ಹೊರಗೆ ಕುರ್ಚಿಯಲ್ಲಿ, ಬೆನ್ನು ನನ್ನ ಕಡೆ. ಎದುರಿಗೆ ಇಡೀ ಬೆಟ್ಟ ಹಳದಿ. ಇಬ್ಬರಿಗೂ ಬೇಲಿ ಹಾಕಿದ್ದು ನಾನೇ. ಮತ್ತೆ ಇಂಥದೇ ಬಂದರೂ ಹಾಕುತ್ತೇನೆ. ಇವರು ಇನ್ನು ಮಾತನಾಡದಿದ್ದರೂ ಸರಿ, ಉಸಿರಾಡುವುದು ಕೇಳುತ್ತಿರುತ್ತದೆ.

11.30

ಈಗ ಹೊರಗೆ ಲಾಡ್ಜಿನ ಮ್ಯಾನೇಜರನ್ನು ಏನೋ ಕೇಳಿದರು. ಇಲ್ಲಿ ಎತ್ತರ ಎಷ್ಟು ಅಡಿ ಎಂದು. ಏಳು ಸಾವಿರದ ಒಂಬೈನೂರಂತೆ.

ಬಾಗಿಲಿಗೆ ಬಂದು ನಿಂತಿದ್ದಾರೆ. ಗೋಡೆ ನೋಡಿಕೊಂಡು ಹೇಳಿದರು:

"ಆ ಡಾಕ್ಟರ್ ಲೆಕ್ಕದಲ್ಲಿ ಇನ್ನೂ ನೂರಡಿ ಬಾಕಿ ಇದೆ. ಮೇಲಿನ ತಿರುವಿನ ತನಕ. ಬರೋರಿದ್ರೆ ಬರಬಹುದು."

ಕೋಟು ಹಾಕಿಕೊಳ್ಳುತ್ತಿದ್ದಾರೆ. ಗುಂಡಿ ಒಂದರದು ಇನ್ನೊಂದಕ್ಕೆ ಹಾಕಿದ್ದಾರೆ, ಹೇಳುವುದಿಲ್ಲ. ನಾನು ಮುಂದೆ ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ನನಗೇ ಸುಸ್ತೆಂದು ನಿಂತರೆ ಇವರೂ—

ಬಂದೆ ರೀ, ಇರಿ, ಒಬ್ಬರೇ ಹೊರಡಬೇಡಿ—