ಹೂವೂಟ ಮುಗಿದ ವರ್ಷ

ನಿಮ್ಮ ಎಣಿಕೆಯಲ್ಲಿ ೨೩೮೭ನೇ ಇಸವಿ, ಹಸ್ತ ಮಳೆಯ ಎರಡನೇ ಪಾದ. ಮಳೆ ಇಲ್ಲ, ಹೆಸರು ಮಾತ್ರ ಉಳಿದಿದೆ. ಉಳಿದಿದ್ದ ಅವರೆಕಾಳನ್ನೆಲ್ಲ ಬಿತ್ತಿದ್ದೇವೆ. ಸಸಿಗಳು ಮೊಣಕಾಲೆತ್ತರಕ್ಕೆ ಬಂದಿವೆ. ಮೊಗ್ಗು ಕಟ್ಟಿಲ್ಲ.

ನಮ್ಮ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮವು ನಮಗೂ ಹಾಗೆಯೇ. ಗೊಬ್ಬರದ ಅಂಗಡಿ ಎಂಬುದು ನಮ್ಮಲ್ಲಿ ಮಕ್ಕಳ ಕಥೆಗಳಲ್ಲಿ ಬರುತ್ತದೆ. ಚೀಲದ ಮೇಲೆ ಚೀಲ ಪೇರಿಸಿಟ್ಟ ಕೋಣೆಯೊಂದಿತ್ತು, ಅದರ ಬಾಗಿಲಿಗೆ ಕಾವಲಿರಲಿಲ್ಲ ಎಂದರೆ ಮಕ್ಕಳು ನಗುತ್ತಾರೆ.

ನಾವಿರುವುದು ಕುಳಿಯಲ್ಲಿ. ಮನೆಗಳ ನೆಲಕ್ಕೆ ಹಾಸಲು ನಿಮ್ಮವರು ಕಲ್ಲು ಕೊಯ್ದು ಬಿಟ್ಟುಹೋದ ಕ್ವಾರಿ ಇದು. ಮೇಲಿನ ಬಯಲಿನಲ್ಲಿ ಬದುಕಲಾಗದು. ತಳದಲ್ಲಿ ನೀರಿದೆ. ಕಲ್ಲು ತೆಗೆದ ಮೆಟ್ಟಿಲುಗಳ ಮೇಲೆ ಮಣ್ಣು ಹರಡಿ ಮಡಿ ಮಾಡಿಕೊಂಡಿದ್ದೇವೆ. ಆ ಮಡಿಗಳಿಗೆ ಊಟ ಹಾಕುವವಳು ನಾನು, ಗಂಗುಲಮ್ಮ. ಗಿಡಕ್ಕೆ ಮೂರು ಊಟ ಬೇಕು. ಎಲೆಯೂಟ ನಮ್ಮ ಉಚ್ಚೆಯಿಂದ ಬರುತ್ತದೆ. ಪ್ರತಿ ಮನೆಯವರೂ ಗಡಿಗೆಯಲ್ಲಿ ಹಿಡಿದಿಟ್ಟು, ನೀರು ಬೆರೆಸಿ ತಮ್ಮ ಮಡಿಗೆ ಹೊಯ್ಯುತ್ತಾರೆ. ಬಲದೂಟ ಒಲೆಯ ಬೂದಿಯಿಂದ ಮತ್ತು ಕಲ್ಲಿನ ಹುಡಿಯಿಂದ. ಮೂರನೆಯದು ಹೂವೂಟ. ಅದು ಎಲುಬಿನಿಂದ. ನೀವು ಇವನ್ನು ಸಾರಜನಕ, ಪೊಟ್ಯಾಷ್, ರಂಜಕ ಎನ್ನುತ್ತಿದ್ದಿರಂತೆ. ರಂಜಕದ ಗಣಿಗಳು ನಮ್ಮ ಅಜ್ಜಿಯರು ಹುಟ್ಟುವ ಮೊದಲೇ ಬರಿದಾದವು. ದನ, ಕುರಿ, ಮೇಕೆ ಯಾವುದೂ ಉಳಿದಿಲ್ಲ. ಹಾಗಾಗಿ ಎಲುಬು ಎಂದರೆ ನಮ್ಮದೇ.

ಸತ್ತವರನ್ನು ಸುಟ್ಟು, ಎಲುಬು ಕುಟ್ಟಿ, ಹುಳಿನೀರಿನಲ್ಲಿ ನೆನೆಸುತ್ತೇವೆ. ಒಂದು ಪಾಲು ಎಲ್ಲರ ಮಡಿಗೆ. ಇನ್ನೊಂದು ಪಾಲು ಮನೆಯ ಹೊಸ್ತಿಲ ಕುಂಡಕ್ಕೆ, ಅದರಲ್ಲೊಂದು ಸೇವಂತಿಗೆ. ತಿನ್ನಲಾಗದ ಗಿಡವನ್ನು ಕುಳಿಯಲ್ಲಿ ಬೆಳೆಸುವುದು ಇದೊಂದೇ ಕಾರಣಕ್ಕೆ. ಆ ಗಿಡ ಮೊದಲ ಹೂ ಬಿಡುವವರೆಗೆ ಸತ್ತವರ ಹೆಸರನ್ನು ಮನೆಯವರು ಬಾಯಲ್ಲಿ ಹೇಳುವಂತಿಲ್ಲ. ಹೂ ಬಿಟ್ಟ ದಿನ ನೆರೆಯವರೆಲ್ಲ ಬಂದು ಕೂರುತ್ತಾರೆ, ಮನೆಯವರು ಹೆಸರು ಕೂಗುತ್ತಾರೆ, ಆಮೇಲೆ ಅಳುತ್ತಾರೆ. ಅದಕ್ಕೆ ಮುಂಚೆ ಅಳುವುದೂ ಇಲ್ಲ. ಕುಂಡವನ್ನು ಆ ಮನೆಯವರಲ್ಲದೆ ಬೇರೆ ಯಾರೂ ಮುಟ್ಟುವುದಿಲ್ಲ.

ಹೋದ ವರ್ಷ ಅವರೆ ಎಂದೂ ಕಾಣದಷ್ಟು ಸೊಂಪಾಗಿ ಹಬ್ಬಿತು. ಎಲೆ ಕಪ್ಪಿಗೆ ತಿರುಗುವಷ್ಟು ಹಸಿರು. ಯಾರ ಮಡಿ ಹೆಚ್ಚು ಹಸಿರು ಎಂದು ಮನೆಮನೆಗಳ ನಡುವೆ ಪಂಥವೇ ನಡೆಯಿತು, ಗಡಿಗೆಯ ಮೇಲೆ ಗಡಿಗೆ ಹೊಯ್ದರು. ಅವರೆ ತನ್ನ ಎಲೆಯೂಟದ ಬಹುಪಾಲನ್ನು ಬೇರಿನಲ್ಲೇ ಮಾಡಿಕೊಳ್ಳುವ ಗಿಡ. ಅದಕ್ಕೆ ಅಷ್ಟು ಬೇಕಿರಲಿಲ್ಲ. ಎಲೆಯಡಿಯ ನೇರಳೆ ಬಣ್ಣವನ್ನು ನಾನು ತೋರಿಸಿದೆ, ಅದು ಹೂವೂಟ ಸಾಲದ ಗುರುತು. ಸೊಂಪಿನ ಚಂದ ಎಂದರು. ಹೂ ಬಿಡಲಿಲ್ಲ, ಕಾಯಿ ಕಟ್ಟಲಿಲ್ಲ. ಬೇಸಗೆಯಿಡೀ ಎಲೆ ಬೇಯಿಸಿ ತಿಂದೆವು.

ಈ ಸಲ ಮಡಿಯಲ್ಲಿ ಮಿಕ್ಕ ಎಲೆಯೂಟವನ್ನು ನೀರು ಹಾಯಿಸಿ ತೊಳೆದು, ಗಡಿಗೆ ಹೊಯ್ಯುವುದನ್ನು ನಿಲ್ಲಿಸಿ ಬಿತ್ತಿದ್ದೇವೆ. ಆದರೂ ಎಲೆಯಡಿ ಮತ್ತೆ ನೇರಳೆ. ಮಣ್ಣಿನಲ್ಲಿ ಹೂವೂಟ ಮುಗಿದಿದೆ. ನಾವು ಕೆಲವೇ ಜನ, ಸಾಯುವವರೂ ಕೆಲವೇ. ಇನ್ನು ಉಳಿದಿರುವ ಎಲುಬಿನ ಹುಡಿ ಹೊಸ್ತಿಲ ಕುಂಡಗಳಲ್ಲಿರುವುದು ಮಾತ್ರ. ಮೊಗ್ಗು ಕಟ್ಟುವ ಹೊತ್ತು ದಾಟಿದ ಮೇಲೆ ಹಾಕಿ ಫಲವಿಲ್ಲ. ಈ ಅವರೆ ಹೂ ಬಿಡದಿದ್ದರೆ ಮುಂದೆ ಬಿತ್ತಲು ಕಾಳಿಲ್ಲ.

ನಿನ್ನೆ ನೀರಿನ ದಡದಲ್ಲಿ ಎಲ್ಲರನ್ನೂ ಸೇರಿಸಿ ಇದನ್ನೇ ಹೇಳಿ, ಕುಂಡಗಳನ್ನು ಕೇಳಿದೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಪಾಪಕ್ಕನೇ ಮೊದಲು ಬಾಯಿಬಿಟ್ಟಳು. "ಎಲೆ ತಿಂದೂ ತಿಂದೂ ಮೇಕೆ ಆಗೋದ್ವಿ ಕಣಮ್ಮ, ಇನ್ನು ಕೊಂಬು ಬರೋದೊಂದೇ ಬಾಕಿ." ಮೇಕೆಯನ್ನು ಕಂಡವರು ಯಾರೂ ಇಲ್ಲ, ಆದರೂ ನಕ್ಕರು. ವೆಂಕಟಶಾಮಿ ನಗಲಿಲ್ಲ. ಅವನ ಹೊಸ್ತಿಲಲ್ಲಿ ಅವನ ತಂದೆ ಇದ್ದಾರೆ. "ಗಂಗುಲಕ್ಕ, ಊರೋರ ಕುಂಡ ಕೇಳೋಕೆ ಮುಂಚೆ ನಿನ್ ಹೊಸ್ಲಲ್ಲಿರೋದ್ನ ತಂದು ಸುರಿ. ಆಮೇಲೆ ನಮ್ಮಪ್ಪನ್ನ ಕೇಳುವಂತೆ." ಪಾಪಕ್ಕ ಗದರಿದಳು: "ಬಾಯ್ ಮುಚ್ಚೋ. ಮೊಗ್ಗು ಬಂದಿರೋ ಮನೆ ಅದು."

ಹೌದು, ಮೊಗ್ಗು ಬಂದಿದೆ. ನನ್ನ ಮಗಳು ಹೋದದ್ದು ಕಳೆದ ಬೇಸಗೆಯಲ್ಲಿ. ಸೇವಂತಿಗೆ ಚೆನ್ನಾಗಿ ಬಂದಿದೆ, ಅದಕ್ಕೆ ಊಟ ಸಾಲದೆ ಹೋಗಿಲ್ಲ. ಮೊಗ್ಗಿನ ತುದಿಯಲ್ಲಿ ಹಳದಿ ಕಾಣುತ್ತಿದೆ. ಹೂ ಬಿಡುವ ಮೊದಲೇ ಕುಂಡ ಬರಿದು ಮಾಡಿದ ಮನೆ ಕುಳಿಯಲ್ಲಿ ಇದುವರೆಗೆ ಇಲ್ಲ. ಹಾಗೆ ಮಾಡಿದವರು ಹೆಸರನ್ನು ಯಾವಾಗ ಕೂಗಬೇಕು ಎಂದು ಪಾಪಕ್ಕನನ್ನು ಕೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

ನಿಮ್ಮ ಮನೆಯ ಮುಂದೆಯೂ ಹೂಗಿಡಗಳಿರುತ್ತವೆ. ಎಲೆ ಹಸಿರಾಗಿದೆ, ಹೂ ಬಿಡುತ್ತಿಲ್ಲ ಎಂದು ಇನ್ನೊಂದು ಹಿಡಿ ಗೊಬ್ಬರ ಎತ್ತಿಕೊಳ್ಳುವಾಗ ಕೈ ತಡೆಯಿರಿ. ಆ ಗಿಡ ಹಸಿದಿಲ್ಲದಿರಬಹುದು. ಒಂದೇ ಊಟವನ್ನು ಅತಿಯಾಗಿ ಉಂಡಿರಬಹುದು. ಚಿಟಿಕೆ ಸಾಕಾಗುವಲ್ಲಿ ಹಿಡಿ ಹಾಕಿದರೆ ಮಿಕ್ಕದ್ದು ನೀರಿನೊಡನೆ ಚರಂಡಿಗೆ, ಕೆರೆಗೆ, ಕಡಲಿಗೆ ಹೋಗುತ್ತದೆ. ನಮ್ಮ ಪಾಲು ಹೋದದ್ದು ಹಾಗೆ.

ಇನ್ನೊಂದು ಕೋರಿಕೆ ಇದೆ. ಅವಳ ಹೆಸರು ಅಲಮೇಲಿ. ಬರೆಯಬಾರದೆಂದು ನಮ್ಮಲ್ಲಿ ಯಾರೂ ಹೇಳಿಲ್ಲ. ನೀವು ಒಮ್ಮೆ ಗಟ್ಟಿಯಾಗಿ ಹೇಳಿ. ನಿಮಗೆ ತಡೆಯಿಲ್ಲ.

ನಾಳೆ ಬಿಸಿಲು ಮಡಿಗಳಿಗೆ ಇಳಿಯುವ ಮೊದಲು ಕುಂಡವನ್ನು ದಡಕ್ಕೆ ಒಯ್ದು, ವೆಂಕಟಶಾಮಿಯನ್ನು ಕರೆದು, ಅವನೆದುರು ಎಲ್ಲರ ಮಡಿಗೆಂದು ಸುರಿಯುತ್ತೇನೆ. ಸದ್ಯ ಅದು ಹೊಸ್ತಿಲಲ್ಲೇ ಇದೆ. ಸಂಜೆ ಎಂದಿನಂತೆ ನೀರು ಹಾಕಿದ್ದೇನೆ.