ನೀರು ನಿಲ್ಲಿಸಿದ ಕುರ್ಚಿ

ಮಾನ್ಯರೇ,

ತಾವು ಆಡಳಿತ ನಡೆಸುತ್ತಿರುವ ದಂತ ಆಸ್ಪತ್ರೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಹಲ್ಲು ಕೊರೆಯುವ ಡ್ರಿಲ್ಲಿಗೆ ನೀರು ಬರುತ್ತಿಲ್ಲ. ಬರುತ್ತಿಲ್ಲ ಎಂದರೆ ತಪ್ಪಾದೀತು, ತಮ್ಮ ಆದೇಶದಂತೆ ನಿಲ್ಲಿಸಲಾಗಿದೆ. ಆ ಕುರ್ಚಿಯಲ್ಲಿ ನನ್ನ ಮಗಳು ಕೂತೆದ್ದು ಬಂದಿದ್ದಾಳೆ. ಅವಳ ದವಡೆಹಲ್ಲೊಂದು ಬದುಕಿದೆಯೋ ಸತ್ತಿದೆಯೋ ಎಂದು ನಾವು ದಿನಾ ಬೆಳಿಗ್ಗೆ ನೋಡಿಕೊಳ್ಳುವ ಹಾಗಾಗಿದೆ.

ನೀರು ನಿಂತದ್ದೇಕೆ? ಬಾಯಲ್ಲಿ ತುಂಬುವ ನೀರನ್ನು ಹೀರುವ ಕೊಳವೆ ಕೆಟ್ಟಿತು. ರೋಗಿಗಳಿಗೆ ನೀರು ನೆತ್ತಿಗೇರಿತು, ಅಂಗಿಯ ಕಾಲರು ತೊಯ್ದಿತು, ದೂರು ಬಂತು. ಕೊಳವೆ ರಿಪೇರಿ ಮಾಡಿಸುವ ಬದಲು ತಾವು ನೀರನ್ನೇ ನಿಲ್ಲಿಸಿದಿರಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ವಿಷಯ ಕೇಳಿದ್ದೆ. ಊರಿನವರ ಮೂಗು ಕೊಯ್ಯುವವರನ್ನು ನೋಡಿದ್ದು ಇದೇ ಮೊದಲು. ಅದೂ ‘ರೋಗಿಗಳ ಹಿತದೃಷ್ಟಿಯಿಂದ’ ಎಂದು ಗೋಡೆಗೆ ಅಂಟಿಸಿ! ಅಂದಿನಿಂದ ಯಾರ ಕಾಲರೂ ತೊಯ್ದಿಲ್ಲ, ಅಭಿನಂದನೆಗಳು.

ಮಗಳ ಹಲ್ಲು ಕೊರೆಯುವಾಗ ನಾನು ಪಕ್ಕದಲ್ಲೇ ಅವಳ ಕೈ ಹಿಡಿದು ನಿಂತಿದ್ದೆ. ಸೂಜಿ ಚುಚ್ಚಿ ಅರ್ಧ ಮುಖ ಮರಗಟ್ಟಿಸಿದ್ದರು. ಸ್ವಲ್ಪ ಹೊತ್ತಿಗೆ ಕೂದಲು ಸುಟ್ಟಂಥ ವಾಸನೆ ಬಂತು.

“ಡಾಕ್ಟ್ರೇ, ಏನೋ ಸುಡ್ತಿರೋ ಹಾಗಿದೆಯಲ್ಲ?” ಎಂದೆ.

“ಹಲ್ಲಿನ ಪುಡಿ ವಾಸನೆ ಕಣ್ರೀ. ಏನ್ ಪುಟ್ಟಿ, ನೋವಾಗ್ತಿದೆಯಾ?”

ಇಲ್ಲವೆಂದು ಅವಳು ಕೈಯಾಡಿಸಿದಳು. “ಜಾಣೆ” ಎಂದು ಅವರು ಮತ್ತೆ ಡ್ರಿಲ್ಲು ಒತ್ತಿದರು. ಹೊರಗೆ ಬಂದ ಮೇಲೆ ಅವರೇ ದನಿ ತಗ್ಗಿಸಿ, “ನೀರಿಲ್ದೆ ಹೀಗೆ ಕೊರೀಬಾರ್ದು ಅಂತ ನಮಗೂ ಗೊತ್ತು. ಏನ್ಮಾಡೋದು, ಮೇಲಿಂದ ಆರ್ಡರ್” ಎಂದರು. ಗೊತ್ತಿದ್ದೂ ಒತ್ತಿದ ಆ ಕೈಯನ್ನು ಕ್ಷಮಿಸಲು ನನ್ನಿಂದ ಇನ್ನೂ ಆಗಿಲ್ಲ.

ಹಲ್ಲು ಕಲ್ಲಲ್ಲ ಮಾನ್ಯರೇ. ಅದರ ನಡುವೆ ರಕ್ತ ಹರಿಯುವ, ನರವಿರುವ ಮೆತ್ತನೆಯ ತಿರುಳಿದೆ. ಗಿರಗಿರನೆ ತಿರುಗುವ ಡ್ರಿಲ್ಲಿನ ಕಾವನ್ನು ನೀರು ತಣಿಸದಿದ್ದರೆ ಆ ತಿರುಳು ಒಳಗೊಳಗೇ ಬೇಯುತ್ತದೆ. ಊದಿಕೊಳ್ಳೋಣವೆಂದರೆ ಸುತ್ತಲೂ ಗಟ್ಟಿ ಗೋಡೆ. ಕೂಗಿಕೊಳ್ಳೋಣವೆಂದರೆ ಸೂಜಿ ಮೊದಲೇ ಬಾಯಿ ಮುಚ್ಚಿಸಿರುತ್ತದೆ. ತಕ್ಷಣ ಸಾಯಲೇಬೇಕೆಂದೂ ಇಲ್ಲ, ವಾರಗಟ್ಟಲೆ ನರಳಿ ಆಮೇಲೆ ಸಾಯಬಹುದು. ಇದನ್ನೆಲ್ಲ ತಿಳಿಸಿಕೊಟ್ಟದ್ದು ಬೇರೊಬ್ಬ ವೈದ್ಯೆ. “ತಣ್ಣೀರು ತಾಗಿದಾಗ ಚುರ್ ಅಂದು ತಕ್ಷಣ ನಿಂತ್ರೆ ಹೆದರ್ಬೇಡಿ, ಜೀವ ಇದೆ ಅಂತ ಅರ್ಥ. ಏನೂ ಅನ್ನಿಸ್ತಿಲ್ಲ ಅಂದ ದಿನ ಮಾತ್ರ ತಡ ಮಾಡ್ಬೇಡಿ, ಕೀವು ದವಡೆಗೆ ಇಳಿದೀತು” ಎಂದರು.

ನಾನು ಕ್ಷೌರಿಕ. ದಿನವಿಡೀ ಜನರ ಮುಖವನ್ನು ಕನ್ನಡಿಯಲ್ಲಿ ನೋಡುವವನು. ಈಚೆಗೆ ಕೆಲವು ಗಿರಾಕಿಗಳು ಅಂಗೈ ಅಡ್ಡ ಹಿಡಿದು ನಗುತ್ತಾರೆ. ಕೈ ಜಾರಿದಾಗ ಬಿಳಿ ಸಾಲಿನ ನಡುವೆ ಬೂದಿ ಬಣ್ಣದ ಒಂದು ಹಲ್ಲು. “ಕಿಟಕಿ ಪಕ್ಕದ ಕುರ್ಚೀನಾ?” ಎಂದು ಕೇಳಿದರೆ, “ಹೌದು, ಆದ್ರೆ ನೋವೇನಿಲ್ಲ ಬಿಡಣ್ಣ” ಎನ್ನುತ್ತಾರೆ. ನೋವಿಲ್ಲದವರು ದೂರು ಕೊಡುವುದಿಲ್ಲ. ದೂರಿಲ್ಲ, ಆದ್ದರಿಂದ ಚಿಕಿತ್ಸೆ ಯಶಸ್ವಿ ಎಂದು ತಾವು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟಿದ್ದೀರಿ. ಸ್ಮಶಾನದಿಂದಲೂ ಯಾರೂ ದೂರು ಕೊಟ್ಟ ನೆನಪಿಲ್ಲ. ಇನ್ನೆಷ್ಟು ಬಾಯಿಗಳಲ್ಲಿ ಇದು ಸದ್ದಿಲ್ಲದೆ ನಡೆಯುತ್ತಿದೆಯೋ, ತಮಗೂ ಗೊತ್ತಿಲ್ಲ, ಆ ಬಾಯಿಗಳಿಗೂ ಗೊತ್ತಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ನಿನ್ನೆ ಬೆಳಿಗ್ಗೆ ಮಗಳು ತಣ್ಣೀರು ಮುಕ್ಕಳಿಸಿ ಓಡಿಬಂದು ನನ್ನ ಕೊರಳಿಗೆ ಜೋತುಬಿದ್ದಳು. “ಅಪ್ಪಾ, ಇವತ್ತು ಚುರ್ ಅನ್ಲೇ ಇಲ್ಲ! ಹಲ್ಲು ವಾಸಿಯಾಯ್ತು!” ಅವಳಮ್ಮ ಒಲೆಯ ಮುಂದಿನಿಂದ ತಿರುಗಿ ನನ್ನ ಮುಖ ನೋಡಿದಳು. ಇಂದು ಮಧ್ಯಾಹ್ನ ಆ ವೈದ್ಯೆಯ ಬಳಿಗೆ ಹೋಗುತ್ತಿದ್ದೇವೆ.

ಇವತ್ತೇ ಕೊಳವೆ ಸರಿಮಾಡಿಸಿ ನೀರು ಬಿಡಿಸಿ, ಆಗದಿದ್ದರೆ ಆ ಕುರ್ಚಿಯಿರುವ ಕೋಣೆಗೆ ಬೀಗ ಹಾಕಿ. ಅಲ್ಲಿ ಕೂತೆದ್ದವರನ್ನೆಲ್ಲ ಮರಳಿ ಕರೆಸಿ ಪರೀಕ್ಷಿಸಿ. ನೋವಿದೆ ಎನ್ನುವವರು ತಾವಾಗಿಯೇ ಬರುತ್ತಾರೆ. ಏನೂ ಇಲ್ಲ ಎನ್ನುವವರನ್ನು ಮೊದಲು ಕರೆಯಿರಿ.

ಇಂತಿ,
ಮಗಳ ಹಲ್ಲು ಇನ್ನೊಮ್ಮೆಯಾದರೂ ನೋಯಲಿ ಎಂದು ಬೇಡಿಕೊಳ್ಳುತ್ತಿರುವ ಅಪ್ಪ